ಅಂಚೆಯ ನಷ್ಟವನ್ನು ತುಂಬಬೇಕಾದವರು ಯಾರು?



ನಮ್ಮ ನಾಡಿನಲ್ಲಿ ಸರಕಾರದ ಕಛೇರಿಗಳಿಗೆ ಕೊರತೆಯಿಲ್ಲ. ತಾಲ್ಲೂಕು ಕಛೇರಿಯೆಂದರೆ ರೈತನಿಗೆ ಅಂಜಿಕೆ; ಪೊಲೀಸು ಠಾಣೆಯೆಂದರೆ ಎಲ್ಲರಿಗೂ ಅಂಜಿಕೆ; ನ್ಯಾಯಾಲಯದ ಮೆಟ್ಟಿಲು ಹತ್ತಿದವನಿಗಂತೂ ಇಳಿಯುವ ದಾರಿಯೇ ಬೇಗ ಕಾಣದು. ಇವೆಲ್ಲವುಗಳ ನಡುವೆ ಜನಸಾಮಾನ್ಯನು ಯಾರ ಶಿಫಾರಸನ್ನೂ ಹುಡುಕದೆ, ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಒಳಹೊಕ್ಕು, ತನ್ನ ಕೆಲಸವನ್ನು ಮುಗಿಸಿಕೊಂಡು ಬರುವ ಕಛೇರಿಯೊಂದಿದ್ದರೆ ಅದು ಅಂಚೆ ಕಛೇರಿ. ಅಲ್ಲಿ ಅಂಟಿನ ಬಟ್ಟಲು ಒಣಗಿರಬಹುದು, ದಾರ ಕಟ್ಟಿದ ಪೆನ್ನು ಮೂಡದಿರಬಹುದು. ಆದರೂ ಅದು ನಮ್ಮದೆಂಬ ಸಲಿಗೆ ನಮಗಿದೆ. ಇಂತಹ ಅಂಚೆ ನಷ್ಟದಲ್ಲಿ ನಡೆಯುತ್ತಿದೆಯೆಂಬ ಮಾತು ಬಹಳ ವರ್ಷಗಳಿಂದ ಕೇಳಿಬರುತ್ತಿದೆ. ಆ ನಷ್ಟವನ್ನು ಸರಕಾರವು ಬೊಕ್ಕಸದಿಂದ ತುಂಬಿಕೊಡುವುದು ಯುಕ್ತವೇ, ಅಥವಾ ದುಡಿಯಲಾರದ ಕಛೇರಿಗಳನ್ನು ಮುಚ್ಚಿಬಿಡುವುದೇ ಲೇಸೇ ಎಂಬ ಜಿಜ್ಞಾಸೆ ಹುಟ್ಟಿದೆ. ಈ ವಿಷಯದಲ್ಲಿ ನನಗೆ ತೋರಿದ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ನಾನು ಘಟ್ಟದ ಮೇಲಿನವನು. ಅಧ್ಯಾಪಕ ವೃತ್ತಿಯ ನಿಮಿತ್ತ ಮಂಗಳೂರಿಗೆ ಬಂದು, ನಿವೃತ್ತನಾಗಿ ಇಲ್ಲಿಯ ಶಕ್ತಿನಗರದಲ್ಲಿಯೇ ನೆಲೆಸಿದ್ದೇನೆ. ಈ ಪ್ರದೇಶವನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ನಂತೂರು, ಕುಲಶೇಖರ, ಪದವುಗಳ ಆಸುಪಾಸಿನಲ್ಲಿರುವ ಇದು ಹೆಸರಿಗೆ ನಗರ. ನೆಲದ ಗುಣವನ್ನು ನೋಡಿದರೆ ಗುಡ್ಡ. ಮುರಕಲ್ಲಿನ ಏರು, ಒಮ್ಮೆಲೇ ತಗ್ಗು, ತಗ್ಗಿನಲ್ಲಿ ನಾಲ್ಕು ಮನೆ, ಮತ್ತೆ ಏರು. ವಿಶ್ವ ಕೊಂಕಣಿ ಕೇಂದ್ರವೂ ಕಲಾಂಗಣವೂ ಇರುವುದರಿಂದ ಕೊಂಕಣಿ ಬಲ್ಲ ದೂರದೂರದವರಿಗೂ ಈ ಹೆಸರು ಪರಿಚಿತ. ಮಳೆಗಾಲದಲ್ಲಿ ಇಲ್ಲಿಯ ಓಣಿಗಳಲ್ಲಿ ನೀರು ಇಳಿಯುವ ರಭಸವನ್ನು ಕಂಡವರಿಗೆ, ಆ ನೀರಿಗೆ ಎದುರಾಗಿ ಚೀಲವನ್ನು ಎದೆಗವಚಿಕೊಂಡು ಹತ್ತಿ ಬರುವ ಅಂಚೆಯವರ ಕೆಲಸ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಶಕ್ತಿನಗರವೆಂಬ ಊರು ಕರ್ನಾಟಕದಲ್ಲಿ ಇದೊಂದೇ ಅಲ್ಲ. ರಾಯಚೂರಿನ ಬಳಿ ಕೃಷ್ಣಾ ನದಿಯ ದಡದಲ್ಲಿ, ಉಷ್ಣವಿದ್ಯುತ್ ಸ್ಥಾವರವಿರುವ ಊರೂ ಶಕ್ತಿನಗರವೇ. ನಮ್ಮ ಪಿನ್ ಸಂಖ್ಯೆ 575016, ಅವರದು 584170. ಪ್ರಸಾದನಿಲಯದಲ್ಲಿ ನನ್ನೊಡನೆ ಓದಿದ ಸ್ನೇಹಿತರೊಬ್ಬರು ಮಗಳ ಮದುವೆಯ ಆಮಂತ್ರಣವನ್ನು ಕಳುಹಿಸುವಾಗ ನನ್ನ ಹೆಸರಿನ ಕೆಳಗೆ ‘ಕುಲಶೇಖರದ ಹತ್ತಿರ, ಶಕ್ತಿನಗರ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. ಆ ಲಕೋಟೆ ಮೊದಲು ರಾಯಚೂರಿನ ಶಕ್ತಿನಗರಕ್ಕೆ ಹೋಯಿತು. ಅಲ್ಲಿ ಯಾರೋ ಪುಣ್ಯಾತ್ಮರು ಕುಲಶೇಖರವೆಂಬುದು ಮಂಗಳೂರಿನಲ್ಲಿದೆಯೆಂದು ವಿಚಾರಿಸಿ ತಿಳಿದು, ಕೆಂಪು ಶಾಯಿಯಲ್ಲಿ ಊರಿನ ಹೆಸರು ಬರೆದು ಇತ್ತ ಕಳುಹಿಸಿದರು. ಮದುವೆ ಮುಗಿದು ಒಂಬತ್ತು ದಿನಗಳ ಮೇಲೆ ಆಮಂತ್ರಣ ನನ್ನ ಕೈ ಸೇರಿತು. ಸ್ನೇಹಿತರಿಗೆ ದೂರವಾಣಿಯಲ್ಲಿ ಈ ಕಥೆ ಹೇಳಿ ಇಬ್ಬರೂ ನಕ್ಕೆವು. ಆದರೆ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ ಒಂದು ವಿಚಾರ. ಆ ಲಕೋಟೆಯ ಮೇಲಿದ್ದುದು 5 ರೂಪಾಯಿಯ ಚೀಟಿ. ಅಷ್ಟು ಹಣಕ್ಕೆ ಅದು ಎರಡು ಬಾರಿ ರಾಜ್ಯವನ್ನು ದಾಟಿತು. ಗುರುತು ಪರಿಚಯವಿಲ್ಲದ ಒಬ್ಬ ನೌಕರರ ಬುದ್ಧಿಯನ್ನೂ ಬಳಸಿಕೊಂಡಿತು. ಅವರ ಆ ಹತ್ತು ನಿಮಿಷಗಳ ದುಡಿಮೆ ಇಲಾಖೆಯ ಆದಾಯದ ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ, ವೆಚ್ಚದ ಪುಸ್ತಕದಲ್ಲಿ ಮಾತ್ರ ಬರುತ್ತದೆ. ಪಿನ್ ಪದ್ಧತಿಯನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದವರು ಶ್ರೀರಾಮ ಭಿಕಾಜಿ ವೇಲಣಕರ ಅವರು. ಇವರು ಸಂಸ್ಕೃತದಲ್ಲಿ ಕಾವ್ಯ ರಚಿಸಿದ ಪಂಡಿತರೂ ಆಗಿದ್ದರೆಂಬುದು ನಮ್ಮ ವಾಚಕರಿಗೆ ಸಂತೋಷ ಕೊಡಬಹುದು.

ಅಂಚೆಯ ಪರವಾಗಿ ಮಾತನಾಡಹೊರಟವನು ಅದರ ವಿರುದ್ಧದ ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅಂಚೆಯ ಕೆಲವು ಕೆಲಸಗಳು ನಮ್ಮ ಕಣ್ಣೆದುರಿಗೇ ಅನಾವಶ್ಯಕವಾಗಿ ಹೋಗಿವೆ. 1990ರ ದಶಕದಲ್ಲಿ ನಾನು ಇಲ್ಲಿಗೆ ಬಂದ ಹೊಸತರಲ್ಲಿ, ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದ ಕೂಲಿಕಾರರು ಶನಿವಾರ ಅಂಚೆ ಕಛೇರಿಯ ಜಗಲಿಯಲ್ಲಿ ಕಾದು ಕುಳಿತಿರುತ್ತಿದ್ದರು. ನನ್ನ ಮಾತಿನ ಧಾಟಿಯಿಂದಲೇ ತಮ್ಮ ಕಡೆಯವನೆಂದು ಗುರುತಿಸಿ, “ಸರ, ಇದೊಂದು ಫಾರಂ ತುಂಬಿ ಕೊಡ್ರಿ” ಎನ್ನುತ್ತಿದ್ದರು. ಮನಿಯಾರ್ಡರ್ ಫಾರಮಿನ ಕೆಳತುದಿಯಲ್ಲಿ ಎರಡು ಮಾತು ಬರೆಯಲು ಜಾಗವಿರುತ್ತಿತ್ತು. “ಎಮ್ಮಿ ಮಾರಬ್ಯಾಡ, ದೀಪಾವಳಿಗೆ ಬರ್ತೇನಿ ಅಂತ ಬರೀರಿ” ಎಂದು ಒಬ್ಬನು ಹೇಳಿದ್ದು ಇಂದಿಗೂ ನನಗೆ ನೆನಪಿದೆ. 100 ರೂಪಾಯಿ ಕಳುಹಿಸಲು 5 ರೂಪಾಯಿ ಕಮಿಷನ್. ಹೆಬ್ಬೆಟ್ಟು ಒತ್ತುವವರಿಗೆ ಊರಿನಲ್ಲಿ ಒಬ್ಬ ಸಾಕ್ಷಿ. ಇಂದು ಅದೇ ಊರಿನ ಹುಡುಗರು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ, ಒಂದು ಪೈಸೆಯ ಕಮಿಷನ್ ಇಲ್ಲದೆ ಮನೆಗೆ ಹಣ ಮುಟ್ಟಿಸುತ್ತಾರೆ. ಇದು ಬಡವನಿಗೆ ಆದ ಲಾಭ. 2013ರ ಜುಲೈಯಲ್ಲಿ ತಂತಿ ನಿಂತಾಗಲೂ ಊರು ಮುಳುಗಲಿಲ್ಲ. ಆದುದರಿಂದ ಹಳೆಯದೆಂಬ ಮಮತೆಯಿಂದ ಯಾವುದನ್ನೂ ಬೊಕ್ಕಸದ ಹಣದಿಂದ ಸಾಕಬೇಕೆಂದು ನಾನು ವಾದಿಸುವುದಿಲ್ಲ.

ಹಾಗಾದರೆ ಉಳಿದಿರುವುದೇನು? ಉಳಿದಿರುವುದರಲ್ಲಿ ದೊಡ್ಡ ಪಾಲು ಸರಕಾರದ ಸ್ವಂತ ಕೆಲಸವೇ ಎಂಬುದನ್ನು ಹಲವರು ಗಮನಿಸಿಲ್ಲ. ಆಧಾರ ಕಾರ್ಡು, ಮತದಾರರ ಗುರುತಿನ ಚೀಟಿ, ಪಾಸ್‌ಪೋರ್ಟು ಇವೆಲ್ಲ ಮನೆ ಬಾಗಿಲಿಗೆ ಬರುವುದು ಅಂಚೆಯಿಂದಲೇ. ನ್ಯಾಯಾಲಯದ ನೋಟೀಸು, ನೇಮಕಾತಿಯ ಆದೇಶ, ತೆರಿಗೆಯ ತಾಕೀತು ಇವೂ ಬಹುಮಟ್ಟಿಗೆ ಹಾಗೆಯೇ. ಇನ್ನೊಂದು ದೊಡ್ಡ ಕೆಲಸ ಉಳಿತಾಯ. 1882ರಲ್ಲಿ ಆರಂಭವಾದ ಅಂಚೆ ಉಳಿತಾಯ ಬ್ಯಾಂಕು ಇಂದಿಗೂ ಸಣ್ಣ ಗಳಿಕೆಯವರ ಭರವಸೆ.

ನಮ್ಮ ನೆರೆಮನೆಯ ಬಾಯಮ್ಮನವರಿಗೆ ಎಂಬತ್ತು ದಾಟಿದೆ. ಮಕ್ಕಳಿಬ್ಬರೂ ಗಲ್ಫಿನಲ್ಲಿದ್ದಾರೆ. ಗಂಡ ತೀರಿಕೊಂಡಾಗ ಬಂದ ಹಣವನ್ನು ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿಟ್ಟಿದ್ದಾರೆ. ತಿಂಗಳಿಗೊಮ್ಮೆ ಕೊಡೆಯನ್ನೇ ಊರುಗೋಲಾಗಿ ಹಿಡಿದು, ನಡುನಡುವೆ ನಿಂತು ಉಸಿರು ತೆಗೆದುಕೊಂಡು, ನಡೆದೇ ಹೋಗಿ ಬಡ್ಡಿಯನ್ನು ತರುತ್ತಾರೆ. ಮಕ್ಕಳು ಕೊಡಿಸಿದ ದೊಡ್ಡ ಮೊಬೈಲು ಅವರಲ್ಲಿದೆ. ಅದರಲ್ಲಿ ಮೊಮ್ಮಕ್ಕಳ ಮುಖ ನೋಡುತ್ತಾರೆ, ಹಣದ ವ್ಯವಹಾರಕ್ಕೆ ಅದನ್ನು ಮುಟ್ಟುವುದಿಲ್ಲ. ಅವರ ಎಚ್ಚರಿಕೆ ತಪ್ಪೆಂದು ಹೇಳಲು, ಇಂದಿನ ಮೋಸದ ಕರೆಗಳ ಕಾಲದಲ್ಲಿ, ನನಗೆ ಬಾಯಿ ಬರುವುದಿಲ್ಲ. ಒಂದು ದಿನ ಪತ್ರಿಕೆಯಲ್ಲಿ ಅಂಚೆಯ ನಷ್ಟದ ವಿಷಯ ಬಂದುದನ್ನು ನಾನು ಓದಿ ಹೇಳಿದಾಗ ಅವರು ಕೇಳಿದರು: “ಮಾಷ್ಟ್ರೇ, ಈ ಪೋಸ್ಟಾಫೀಸು ಇಲ್ಲಿಂದ ಎದ್ದು ಹೋದರೆ ನಾನು ರಿಕ್ಷಾಕ್ಕೆ ಕೊಡುವುದು ಎಷ್ಟು, ಮತ್ತೆ ಬಡ್ಡಿಯಲ್ಲಿ ನನಗೆ ಉಳಿಯುವುದು ಎಷ್ಟು?” ಅರ್ಥಶಾಸ್ತ್ರಜ್ಞರು ನೂರು ಪುಟಗಳಲ್ಲಿ ಚರ್ಚಿಸುವ ವಿಷಯವನ್ನು ಆಕೆ ಒಂದು ಪ್ರಶ್ನೆಯಲ್ಲಿ ಮುಗಿಸಿದರು. ಕಛೇರಿಯನ್ನು ಮುಚ್ಚಿದರೆ ಸರಕಾರಕ್ಕೆ ಉಳಿಯುವ ಹಣ ಎಲ್ಲಿಯೋ ಮಾಯವಾಗಿ ಉಳಿಯುವುದಲ್ಲ. ಅದು ಬಾಯಮ್ಮನವರಂಥವರ ಸೆರಗಿನ ಗಂಟಿನಿಂದ ರಿಕ್ಷಾದ ಬಾಡಿಗೆಯಾಗಿ ಹೊರಡುತ್ತದೆ. ಸರಕಾರದ ಲೆಕ್ಕದಲ್ಲಿ ಮಾತ್ರ ಕಾಣುವುದಿಲ್ಲ.

ಶಕ್ತಿನಗರದ ಕಛೇರಿಯನ್ನು ಮುಚ್ಚುತ್ತಾರೆಂದು ನಾನು ಗುಲ್ಲೆಬ್ಬಿಸುತ್ತಿಲ್ಲ. ಆದರೆ ಇಲಾಖೆಯು ರೂಪಿಸಿಕೊಂಡು ಬಂದ ಮಾನದಂಡಗಳನ್ನು ನೋಡಿದರೆ ಬಾಯಮ್ಮನವರ ಪ್ರಶ್ನೆ ನಿರಾಧಾರವಲ್ಲವೆಂದು ತಿಳಿಯುತ್ತದೆ. ಹಳ್ಳಿಯಲ್ಲಿ ಶಾಖಾ ಅಂಚೆ ಕಛೇರಿಯನ್ನು ತೆರೆಯಬೇಕಾದರೆ, ಅದರ ವೆಚ್ಚದ ಮೂರನೆಯ ಒಂದು ಪಾಲಿನಷ್ಟು ಆದಾಯದ ನಿರೀಕ್ಷೆಯಿದ್ದರೆ ಸಾಕು. ಗುಡ್ಡಗಾಡು, ಬುಡಕಟ್ಟು, ಮರುಭೂಮಿ ಪ್ರದೇಶಗಳಲ್ಲಿ ನೂರಕ್ಕೆ 15ರಷ್ಟು ಬಂದರೂ ಆಗಬಹುದು. ಉಳಿದುದನ್ನು ಇಲಾಖೆಯೇ ಭರಿಸುತ್ತದೆ. ನಗರದಲ್ಲಿ ಹಾಗಲ್ಲ. ಅಲ್ಲಿಯ ಕಛೇರಿ ಮೊದಲಿನಿಂದಲೇ ತನ್ನ ವೆಚ್ಚವನ್ನು ತಾನೇ ದುಡಿದುಕೊಳ್ಳಬೇಕು. ಮೊದಲನೆಯ ವಾರ್ಷಿಕ ಪರಿಶೀಲನೆಯ ಹೊತ್ತಿಗೆ ನೂರಕ್ಕೆ 5ರಷ್ಟು ಲಾಭ ತೋರಿಸಿದರೆ ಮಾತ್ರ ಮುಂದುವರಿಯಲು ಅರ್ಹ.

ಇದರಿಂದ ಸ್ಪಷ್ಟವಾಗುವುದೇನು? ಸಹಾಯಧನ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಎಂದೋ ಮುಗಿದುಹೋಗಿದೆ. ಸರಕಾರ ಕೊಡುತ್ತಲೇ ಇದೆ. ದೇಶದ ಸುಮಾರು ಒಂದೂವರೆ ಲಕ್ಷಕ್ಕೆ ಮಿಕ್ಕಿದ ಅಂಚೆ ಕಛೇರಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಹಳ್ಳಿಗಳಲ್ಲಿರುವುದು ಈ ನೀತಿಯ ಫಲವೇ. ಚರ್ಚಿಸಬೇಕಾದುದು ಯಾರಿಗೆ, ಯಾವ ಅಳತೆಯಲ್ಲಿ ಎಂಬುದನ್ನು. ನಕಾಶೆಯಲ್ಲಿ ನಗರವೆಂದು ಬಣ್ಣ ಬಳಿದ ಮಾತ್ರಕ್ಕೆ ಶಕ್ತಿನಗರದ ಏರು ಸಮತಟ್ಟಾಗುವುದಿಲ್ಲ. ನಗರಗಳ ಅಂಚಿನಲ್ಲಿ, ಹಳ್ಳಿಯ ಸವಲತ್ತು ಕಳೆದುಕೊಂಡು ಪೇಟೆಯ ಅನುಕೂಲ ಪೂರ್ತಿ ದೊರೆಯದ ಇಂತಹ ಬಡಾವಣೆಗಳು ಹುಬ್ಬಳ್ಳಿಯಲ್ಲಿಯೂ ಇವೆ, ಕಲಬುರಗಿಯಲ್ಲಿಯೂ ಇವೆ. ಕಿಟಕಿಯಲ್ಲಿ ಮಾರಾಟವಾದ ಚೀಟಿಯ ಲೆಕ್ಕದಿಂದಲೇ ಅಲ್ಲಿಯ ಕಛೇರಿಯನ್ನು ತೂಗುವುದು ನ್ಯಾಯವೆನಿಸುವುದಿಲ್ಲ. ಅಲ್ಲಿಗೆ ನಡೆದು ಬರುವ ಮುದುಕರೆಷ್ಟು, ಮುಂದಿನ ಕಛೇರಿಗೆ ದಾರಿ ಎಂತಹದು ಎಂಬುದನ್ನೂ ತಕ್ಕಡಿಯಲ್ಲಿ ಇಡಬೇಕು.

ಅಂಚೆಯ ಇತಿಹಾಸವೇ ಒಬ್ಬರ ಭಾರವನ್ನು ಇನ್ನೊಬ್ಬರು ಹೊತ್ತ ಇತಿಹಾಸ. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಏರ್ಪಡಿಸಿದ ಅಂಚೆ ಮೊದಲು ಅರಸರ ಕಾರ್ಯಕ್ಕೆ ದುಡಿದು, ಕ್ರಮೇಣ ಪ್ರಜೆಗಳ ಓಲೆಗಳನ್ನೂ ಹೊತ್ತು, 1889ರಲ್ಲಿ ಬ್ರಿಟಿಷರ ಅಂಚೆಯೊಡನೆ ಸೇರಿಹೋಯಿತು. ಮಂಗಳೂರು ಅದಕ್ಕೆ ಬಹಳ ಮೊದಲೇ ಕಂಪನಿಯ ಕೈ ಸೇರಿದ್ದ ಸೀಮೆ. ಇಲ್ಲಿ ಹರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಕಾಗದದ ದರವು ದೂರವನ್ನು ನೋಡಿ ಏರುತ್ತಿತ್ತು. ದೂರವಿದ್ದವನು ಹೆಚ್ಚು ತೆರಬೇಕು. ಬಡವನಾದ ದೂರದವನು ಸುಮ್ಮನಿರಬೇಕು. 1854ರ ಕಾಯಿದೆ ಈ ಕಟ್ಟನ್ನು ಕಳಚಿತು. ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ. ಅದು ಕಂಕನಾಡಿಯಿಂದ ಬಂದರಿಗೆ ಹೋಗಲಿ, ಮಂಗಳೂರಿನಿಂದ ಪೇಶಾವರಕ್ಕೆ ಹೋಗಲಿ, ಅದೇ ದರ. 1879ರಲ್ಲಿ ಕಾಲು ಆಣೆಯ ಕಾರ್ಡು ಬಂದಿತು. ಹತ್ತಿರದವನು ತನ್ನ ಕಾಗದಕ್ಕೆ ತಗಲುವುದಕ್ಕಿಂತ ತುಸು ಹೆಚ್ಚು ಕೊಟ್ಟು ದೂರದವನ ಕಾಗದವನ್ನು ಮುಟ್ಟಿಸುತ್ತಾನೆ ಎಂಬುದು ಇದರ ಗುಟ್ಟು. ಪ್ರಸಾದನಿಲಯದಲ್ಲಿದ್ದಾಗ ನಾವು 15 ಪೈಸೆಯ ಕಾರ್ಡಿನಲ್ಲಿ, ಅಂಚಿನಲ್ಲಿಯೂ ಜಾಗ ಬಿಡದೆ, ಊರಿಗೆ ಬರೆಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಯಾರೋ ಒಬ್ಬ ಪೇಟೆಯ ವ್ಯಾಪಾರಿಯ ಲಕೋಟೆ ನಮ್ಮ ಆ ಕಾರ್ಡನ್ನು ಹೊತ್ತು ಸಾಗಿಸುತ್ತಿತ್ತು. ಅದು ಅವನಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಇಂದು ಆ ವ್ಯಾಪಾರಿಯ ಲಕೋಟೆ ಅಂಚೆಯನ್ನು ಬಿಟ್ಟು ಹೋಗಿದೆ. ಪೇಟೆಯಿಂದ ಪೇಟೆಗೆ ಹೋಗುವ ಲಾಭದ ಕಾಗದಗಳನ್ನು ಕೊರಿಯರಿನವರು ಒಯ್ದರು. ಅದರಲ್ಲಿಯೂ ಉಳಿದುದನ್ನು ಗಣಕಯಂತ್ರ ಒಯ್ದಿತು. ಮಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮಲ್ಲಿ ನಗರದ ಬಸ್ಸುಗಳು ಹೆಚ್ಚಾಗಿ ಖಾಸಗಿಯವರವು. ಜನ ತುಂಬುವ ಹೊತ್ತಿನಲ್ಲಿ, ಜನ ತುಂಬುವ ದಾರಿಯಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ; ರಾತ್ರಿ ತಡವಾದರೆ ಸ್ಟೇಟ್‌ಬ್ಯಾಂಕಿನಲ್ಲಿ ನಿಂತವನ ಪಾಡು ಅವನಿಗೇ ಗೊತ್ತು. ಬಸ್ಸಿನ ಮಾಲಿಕನನ್ನು ಇದಕ್ಕಾಗಿ ದೂರುವುದು ಸಲ್ಲದು, ಅವನು ಸಾಲ ತೀರಿಸಬೇಕು. ಆದರೆ ತುಂಬಿದ ಸಮಯವನ್ನು ಅವನಿಗೆ ಬಿಟ್ಟುಕೊಟ್ಟು, ಖಾಲಿ ಓಡುವ ಸಮಯವನ್ನು ಮಾತ್ರ ಸರಕಾರಿ ಬಸ್ಸಿಗೆ ಕೊಟ್ಟು, ಆಮೇಲೆ ಅದು ನಷ್ಟದಲ್ಲಿದೆಯೆಂದು ಹಂಗಿಸುವುದು ಯಾವ ನ್ಯಾಯ? ಅಂಚೆಗೆ ಆಗಿರುವುದು ಇದೇ. ಹಿಂದೆ ಅಂಚೆ ತಂತಿ ಇಲಾಖೆಯೆಂದು ಒಂದೇ ಇದ್ದಾಗ ದೂರವಾಣಿಯ ಗಳಿಕೆಯಾದರೂ ಜೊತೆಗಿತ್ತು. 1985ರಲ್ಲಿ ಎರಡೂ ಬೇರೆಯಾದವು. ಗಳಿಸುವ ತಮ್ಮ ಪಾಲು ತೆಗೆದುಕೊಂಡು ಹೋದ ಮೇಲೆ ಮುದಿ ತಾಯಿತಂದೆಯರು ಅಣ್ಣನ ಪಾಲಿಗೆ ಉಳಿದಂತಾಯಿತು.

ಈಗ ನಷ್ಟದ ಮೊತ್ತವನ್ನು ಬಿಡಿಸಿ ನೋಡೋಣ. 2018-19ರಲ್ಲಿ ಕೊರತೆ ಸುಮಾರು 15,000 ಕೋಟಿ ರೂಪಾಯಿಗಳೆಂದು ವರದಿಯಾಗಿತ್ತು. ಆ ವರ್ಷದ ಆದಾಯ 18,000 ಕೋಟಿ. ಸಂಬಳಕ್ಕೆ 16,620 ಕೋಟಿ, ಪಿಂಚಣಿಗೆ 9,782 ಕೋಟಿ. ಎಂದೋ ದುಡಿದು ದಣಿದವರ ಪಿಂಚಣಿಯನ್ನು ಇಂದಿನ ಕಿಟಕಿಯ ವ್ಯಾಪಾರದಿಂದ ಹುಟ್ಟಿಸಬೇಕೆಂದರೆ ಯಾವ ಅಂಗಡಿಯೂ ಉಳಿಯದು. ಇನ್ನು ಕಾರ್ಡಿನ ಕಥೆ. 2016-17ರ ಲೆಕ್ಕದಂತೆ ಒಂದು ಕಾರ್ಡನ್ನು ಮುಟ್ಟಿಸಲು ಸರಾಸರಿ 12 ರೂಪಾಯಿ 15 ಪೈಸೆ ತಗಲುತ್ತಿತ್ತು. ಬರುತ್ತಿದ್ದುದು 50 ಪೈಸೆ. ಈ 50 ಪೈಸೆಯನ್ನು ನಿಗದಿ ಮಾಡಿದವರು ಯಾರು? ಶಕ್ತಿನಗರದ ಪೋಸ್ಟ್‌ಮಾಸ್ಟರರಲ್ಲ, ದೆಹಲಿಯ ಸರಕಾರ. ಬಡವನ ಕಾರ್ಡು ಅಗ್ಗವಾಗಿರಲೆಂದು ಅದು ಬಯಸಿದ್ದು ಒಳ್ಳೆಯದೇ. ಆದರೆ ಊಟಕ್ಕೆ ಅತಿಥಿಗಳನ್ನು ಕರೆದವನು ಅಡುಗೆಯವನಿಗೆ ಅಕ್ಕಿಯನ್ನು ಕೊಡಬೇಕಷ್ಟೆ. ದರವನ್ನು ಕಟ್ಟಿಹಾಕಿದವರು ವ್ಯತ್ಯಾಸವನ್ನು ತೆರುವುದಕ್ಕೆ ಸಹಾಯಧನವೆಂಬ ಹೆಸರೇ ಸರಿಯಲ್ಲ; ಅದು ಸರಕಾರವು ತೀರಿಸಬೇಕಾದ ಬಾಕಿ.

ಆ ಅಗ್ಗದ ದರವನ್ನು ಯಾರು ಬಳಸುತ್ತಾರೆಂಬುದನ್ನು ನೋಡದಿದ್ದರೆ ಏನಾಗುತ್ತದೆಂಬುದಕ್ಕೂ ಒಂದು ನಿದರ್ಶನವಿದೆ. 1990ರ ದಶಕದಲ್ಲಿ ದೂರದರ್ಶನದ ‘ಸುರಭಿ’ ಕಾರ್ಯಕ್ರಮ ಪ್ರೇಕ್ಷಕರಿಗೆ ಪ್ರಶ್ನೆ ಕೇಳುತ್ತಿತ್ತು. ಉತ್ತರಗಳು ಮೂಟೆಮೂಟೆಯಾಗಿ, ವಾರಕ್ಕೆ ಲಕ್ಷಗಟ್ಟಲೆ, ಅಗ್ಗದ ಕಾರ್ಡಿನಲ್ಲಿ ಬಂದು ಬಿದ್ದವು. ಬಡವನ ಸುದ್ದಿಗೆಂದು ಇಟ್ಟ ದರವು ಬಹುಮಾನದ ಆಸೆಗೆ ಹರಿದುಹೋಯಿತು. ಆಗ ಇಲಾಖೆಯು ಸ್ಪರ್ಧೆಗೆಂದೇ 2 ರೂಪಾಯಿಯ ಬೇರೆ ಕಾರ್ಡನ್ನು ಹೊರಡಿಸಿತು. ಮುಂದೆ ಅದರ ಬೆಲೆ 10 ರೂಪಾಯಿಗೇರಿತು. ಇಲಾಖೆ ಮಾಡಿದ ಬುದ್ಧಿವಂತಿಕೆಯ ಕೆಲಸಗಳಲ್ಲಿ ಇದೊಂದು ಎಂದು ನನ್ನ ಎಣಿಕೆ.

ನಷ್ಟವನ್ನು ಸರಕಾರ ತುಂಬದಿದ್ದರೆ ಅದು ಯಾರ ತಲೆಯ ಮೇಲಾದರೂ ಬೀಳಲೇಬೇಕು. ಈಗ ಅದನ್ನು ಹೊತ್ತಿರುವವರನ್ನು ನೋಡಬೇಕಾದರೆ ಹಳ್ಳಿಗೆ ಹೋಗಬೇಕು. ಹಿಂದೆ ಇ.ಡಿ. ಎಂದು ಕರೆಯುತ್ತಿದ್ದ, ಈಗ ಗ್ರಾಮೀಣ ಡಾಕ್ ಸೇವಕರೆಂಬ ಹೆಸರಿನ ಎರಡೂವರೆ ಲಕ್ಷದಷ್ಟು ಜನ ದೇಶದ ಶಾಖಾ ಕಛೇರಿಗಳನ್ನು ನಡೆಸುತ್ತಿದ್ದಾರೆ. ದಿನಕ್ಕೆ ನಾಲ್ಕೈದು ಗಂಟೆಗಳ ಕೆಲಸವೆಂದು ಕಾಗದದಲ್ಲಿದೆ. 2018ರ ಪರಿಷ್ಕರಣೆಯಲ್ಲಿ ಶಾಖಾ ಪೋಸ್ಟ್‌ಮಾಸ್ಟರರಿಗೆ ನಾಲ್ಕು ಗಂಟೆಯ ಕೆಲಸಕ್ಕೆ 12,000 ರೂಪಾಯಿಗಳ ಮೂಲ ಭತ್ಯೆ ಗೊತ್ತಾಯಿತು. ಇಲಾಖೆಯ ಕಾಯಂ ನೌಕರರಿಗೆ ದೊರೆತಂತಹ ಪಿಂಚಣಿ ಇವರಿಗಿಲ್ಲ. ಕಛೇರಿಗೆ ಬೇಕಾದ ಸ್ಥಳವನ್ನೂ ಪೋಸ್ಟ್‌ಮಾಸ್ಟರರೇ ಒದಗಿಸಬೇಕು. ದಕ್ಷಿಣ ಕನ್ನಡದ ಒಳನಾಡಿಗೆ ಹೋದರೆ ಮನೆಯ ಜಗಲಿಯಲ್ಲಿ, ಅಡಿಕೆ ಮೂಟೆಗಳ ಪಕ್ಕದಲ್ಲಿ, ಒಂದು ಮೇಜು ಮತ್ತು ಮೊಹರು ಇಟ್ಟುಕೊಂಡ ಅಂಚೆ ಕಛೇರಿಗಳನ್ನು ಕಾಣಬಹುದು. ಅಂದಮೇಲೆ ದೇಶದ ಅಂಚೆಗೆ ಸಹಾಯಧನ ಕೊಡುತ್ತಿರುವವರಲ್ಲಿ ಈ ಬಡ ನೌಕರರೂ ಇದ್ದಾರೆ, ತಮ್ಮ ಜಗಲಿಯನ್ನೂ ಆಯುಷ್ಯವನ್ನೂ ಕೊಟ್ಟು. ಉಳ್ಳ ಸರಕಾರ ಕೊಡಬೇಕಾದುದನ್ನು ಇಲ್ಲದವನಿಂದ ಕೊಡಿಸುವುದು ನನಗೆ ಸರಿತೋರದು.

ಡೆನ್ಮಾರ್ಕಿನ ಉದಾಹರಣೆಯನ್ನು ಎತ್ತಿ ಕೆಲವರು ಈ ವಾದವನ್ನು ಅಲ್ಲಗಳೆಯಬಹುದು. 1624ರಲ್ಲಿ ಆರಂಭವಾದ ಅಲ್ಲಿಯ ಸರಕಾರಿ ಅಂಚೆ 2025ರ ಕೊನೆಗೆ ಕಾಗದ ಹಂಚುವುದನ್ನು ನಿಲ್ಲಿಸಿತು; ಬೀದಿಯ ಕೆಂಪು ಪೆಟ್ಟಿಗೆಗಳನ್ನು ಕಿತ್ತರು. ಕಾಗದಗಳ ಸಂಖ್ಯೆ ಇಪ್ಪತ್ತೈದು ವರ್ಷಗಳಲ್ಲಿ ಹತ್ತರ ಒಂದು ಪಾಲಿಗಿಂತ ಕಡಮೆಗೆ ಇಳಿದಿತ್ತು. ಕಾಗದ ಬರೆಯಲೇಬೇಕೆನ್ನುವವರು ಅಲ್ಲಿ ಈಗ ಖಾಸಗಿ ಸಂಸ್ಥೆಯ ಮೊರೆಹೋಗಬೇಕು. ಅದು ಸಣ್ಣ ದೇಶ, ಸಿರಿವಂತ ದೇಶ; ಸರಕಾರದ ಕಾಗದಗಳನ್ನು ಗಣಕಯಂತ್ರದಲ್ಲಿ ಓದಲು ಅಲ್ಲಿಯ ಜನ ಅಭ್ಯಾಸ ಮಾಡಿಕೊಂಡವರು. ಅಲ್ಲಿಯೂ ಮುದುಕರ ಪಾಡೇನೆಂಬ ಕೂಗು ಎದ್ದಿತ್ತು. ನಮ್ಮ ಸರಕಾರ 2029ರ ಹೊತ್ತಿಗೆ ಅಂಚೆಯನ್ನು ಲಾಭದ ಸಂಸ್ಥೆಯನ್ನಾಗಿ ಮಾಡುವ ಗುರಿಯನ್ನು ಹೇಳಿಕೊಂಡಿದೆ. ಪಾರ್ಸೆಲಿನಿಂದಲೂ ಬ್ಯಾಂಕಿನ ಕೆಲಸದಿಂದಲೂ ಲಾಭ ಬಂದರೆ ಯಾರಿಗೆ ಬೇಡ? ಆದರೆ ಲಾಭಕ್ಕೆ ಎರಡು ದಾರಿಗಳಿವೆ, ಹೆಚ್ಚು ದುಡಿಯುವುದು ಒಂದು, ಕೈಬಿಡುವುದು ಇನ್ನೊಂದು. 2024ರ ಡಿಸೆಂಬರಿನಲ್ಲಿ ಅಗ್ಗದ ಬುಕ್‌ಪೋಸ್ಟ್ ನಿಂತಾಗ ನಮ್ಮಂತಹ ಪುಸ್ತಕಪ್ರಿಯರಿಗೆ ಎರಡನೆಯ ದಾರಿಯ ರುಚಿ ಸ್ವಲ್ಪ ಸಿಕ್ಕಿತು. 2025ರ ಮೇ ತಿಂಗಳಲ್ಲಿ ‘ಜ್ಞಾನ ಪೋಸ್ಟ್’ ಎಂಬ ಹೆಸರಿನಲ್ಲಿ, 300 ಗ್ರಾಂವರೆಗೆ 20 ರೂಪಾಯಿಗಳ ದರದಲ್ಲಿ, ಶೈಕ್ಷಣಿಕ ಹಾಗೂ ಧಾರ್ಮಿಕ ಪುಸ್ತಕಗಳಿಗೆ ಮತ್ತೆ ಅನುಕೂಲ ಮಾಡಿಕೊಟ್ಟರೆಂಬುದನ್ನೂ ಹೇಳಬೇಕು.

ಪ್ರಸಾದನಿಲಯದಲ್ಲಿ ಉಂಡು ಓದಿದ ನಮಗೆ ಇಲ್ಲಿ ಸಹಜವಾಗಿ ದಾಸೋಹದ ನೆನಪಾಗುತ್ತದೆ. ನಮ್ಮ ನಿಲಯ ಯಾವ ವರ್ಷವೂ ಲಾಭ ತೋರಿಸಲಿಲ್ಲ. ತೋರಿಸಬೇಕೆಂದು ಯಾರೂ ಕೇಳಲೂ ಇಲ್ಲ. ಹಾಗೆಂದು ಅಂಚೆಯೂ ದಾಸೋಹವೇ, ಲೆಕ್ಕ ಕೇಳಬೇಡಿ ಎನ್ನಲು ನಾನು ಸಿದ್ಧನಿಲ್ಲ. ದಾಸೋಹಕ್ಕೆ ಕೊಡುವವನು ತನ್ನ ಕಾಯಕದ ಫಲವನ್ನು ಮನವೊಲಿದು ಕೊಡುತ್ತಾನೆ. ಸರಕಾರ ಕೊಡುವುದು ಪರರಿಂದ ತೆರಿಗೆಯಾಗಿ ಪಡೆದ ಹಣ. ಅದರಲ್ಲಿ ಬೆಂಕಿಪೊಟ್ಟಣ ಕೊಂಡ ಕೂಲಿಕಾರನ ಪಾಲೂ ಇದೆ. ಆದುದರಿಂದ ವರ್ಷದ ಕೊನೆಗೆ ಕೊರತೆಯಷ್ಟನ್ನೂ ಒಟ್ಟಾಗಿ ತುಂಬಿ ಕೈತೊಳೆದುಕೊಳ್ಳುವ ಪರಿಪಾಠ ತಪ್ಪು. ಅದರಿಂದ ಸೋಮಾರಿಗೂ ದುಡಿಯುವವನಿಗೂ ಒಂದೇ ಬೆಲೆಯಾಗುತ್ತದೆ. ಮಾಡಿದ ಸೇವೆಯನ್ನು ಎಣಿಸಿ ಹಣ ಕೊಡಲಿ. 2023ರ ಜೂನ್ 11ರಿಂದ ನಡೆದಿರುವ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೇಟಿನ ಲೆಕ್ಕದ ಮೇಲೆ ರಾಜ್ಯ ಸರಕಾರ ಸಾರಿಗೆ ನಿಗಮಗಳಿಗೆ ಹಣ ಕೊಡುವ ಏರ್ಪಾಡಿದೆ. ಅಂಚೆಯ ಉಳಿತಾಯ ಖಾತೆಗಳಿಗೂ ಹಣಕಾಸು ಸಚಿವಾಲಯ ಖಾತೆಯೊಂದಕ್ಕೆ ಇಂತಿಷ್ಟೆಂದು ಇಲಾಖೆಗೆ ಕೊಡುತ್ತದೆ. ಇದೇ ರೀತಿ ಮುಟ್ಟಿಸಿದ ಕಾರ್ಡೊಂದಕ್ಕೆ ಇಷ್ಟು, ಗುಡ್ಡದ ಮೇಲೆ ತೆರೆದಿಟ್ಟ ಕಿಟಕಿಗೆ ದಿನಕ್ಕೆ ಇಷ್ಟು ಎಂದು ಏಕೆ ಕೊಡಬಾರದು? ಆಗ ಕಾಗದ ಮುಟ್ಟಿಸದ ದಿನದ ಹಣವೂ ಬರುವುದಿಲ್ಲ, ಬಾಯಮ್ಮನವರ ಕಛೇರಿಗೆ ನಷ್ಟದ ಕಛೇರಿಯೆಂಬ ಅಪವಾದವೂ ಉಳಿಯುವುದಿಲ್ಲ.

ಕೊನೆಯದಾಗಿ, ವಾಚಕರೇ, ನಮ್ಮನ್ನೇ ಕುರಿತ ಒಂದು ಮಾತು. ನೋಂದಾಯಿತ ಪತ್ರಿಕೆಗಳಿಗೆ ದಶಕಗಳ ಕಾಲ ನಡೆದುಬಂದ ಅಂಚೆದರ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ. ಅಷ್ಟೇ ತೂಕವನ್ನು ಕಾಗದದ ದರದಲ್ಲಿ ಕಳುಹಿಸಿದರೆ 20 ಗ್ರಾಂಗೆ 5 ರೂಪಾಯಿಯಂತೆ 25 ರೂಪಾಯಿಯಾಗುತ್ತದೆ. ವರ್ಷಕ್ಕೆ 6 ರೂಪಾಯಿ ಎಲ್ಲಿ, 300 ರೂಪಾಯಿ ಎಲ್ಲಿ! ನಾಡಿನ ಮಾಸಪತ್ರಿಕೆಗಳು, ಮಠಮಾನ್ಯಗಳ ಪತ್ರಿಕೆಗಳೂ ಸೇರಿ, ಈ ರಿಯಾಯಿತಿಯ ನೆರಳಿನಲ್ಲಿ ಬೆಳೆದಿವೆ. ಇದನ್ನು ಪೂರ್ತಿ ತೆಗೆದುಹಾಕಿದರೆ ಸಣ್ಣ ಪತ್ರಿಕೆಗಳು ಹಳ್ಳಿಯ ಓದುಗನನ್ನು ಕಳೆದುಕೊಳ್ಳುತ್ತವೆ. ಆದರೆ ಅರ್ಧಕ್ಕರ್ಧ ಜಾಹೀರಾತು ತುಂಬಿದ ಬಣ್ಣದ ಪತ್ರಿಕೆಗೂ ಇದೇ ದರವೇಕೆ? ಅಮೆರಿಕೆಯಲ್ಲಿ ಪತ್ರಿಕೆಯೊಳಗಿನ ಜಾಹೀರಾತಿನ ಪಾಲಿಗೆ ಬೇರೆ ದರವನ್ನು ಹಾಕುವ ಪದ್ಧತಿ 1917ರ ಕಾಯಿದೆಯಿಂದ ಬಂದಿದೆ. ಅಂತಹುದನ್ನು ಇಲ್ಲಿಯೂ ತಂದು, ಜಾಹೀರಾತಿಲ್ಲದ ಪತ್ರಿಕೆಗೆ ಪ್ರತಿಯೊಂದಕ್ಕೆ 2 ರೂಪಾಯಿ ಎಂದು ಮಾಡಿದರೆ ವರ್ಷಕ್ಕೆ 24 ರೂಪಾಯಿಯಾಗುತ್ತದೆ. ಪಿಂಚಣಿ ಬರುವ ನನ್ನಂಥವನು ಅದನ್ನು ಚಂದಾಹಣದೊಡನೆ ಸೇರಿಸಿ ಕೊಡಬಲ್ಲೆ, ಕೊಡುತ್ತೇನೆ. ಬರಗಾಲದ ಸೀಮೆಯ ಓದುಗರಿಗೆ ಅಷ್ಟೂ ಭಾರವಾದೀತೇ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಅಭಿಪ್ರಾಯವನ್ನು ಸಂಪಾದಕರಿಗೆ ಬರೆದು ತಿಳಿಸಿರಿ. ಕಾರ್ಡಿನಲ್ಲಿ ಬರೆದರೂ ಸಾಕು. ವಿಳಾಸದ ಕೆಳಗೆ ಪಿನ್ ಸಂಖ್ಯೆಯನ್ನು ಮಾತ್ರ ಬಿಡಬೇಡಿರಿ.